ಕರಿ ಕಾರಿನ ನ್ಯಾಯವಾದ ಬೆಲೆ

ಹಳೇ ಕಾರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಸಾಕು, ಜನ ನನ್ನ ಕಡೆ ಒಂದು ಥರಾ ನೋಡುತ್ತಾರೆ. ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವ ಕಸುಬು ಅಂತ. ಒಪ್ಪಿದೆ ಕಣ್ರೀ. ಆದರೆ ಕೊಳ್ಳಲು ಬರುತ್ತಿದ್ದ ಮಹಾನುಭಾವರನ್ನು ನೀವು ನೋಡಿಲ್ಲ. ವಾರಕ್ಕೊಬ್ಬರಾದರೂ ಬಂದು ನನ್ನ ಗ್ರಹಚಾರ ಬಿಡಿಸಿ ಹೋಗುತ್ತಿದ್ದರು.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿತ್ತು. ಮೈಸೂರಿನ ದೊಡ್ಡ ದೊಡ್ಡ ಮನೆಯವರೆಲ್ಲ ಪೆಟ್ರೋಲು ಹಾಕಿಸಲಾರದೆ ಕಾರು ಮಾರುತ್ತಿದ್ದ ಕಾಲ. ದುಡ್ಡಿಲ್ಲ ಅಂತ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬಿಡಿ. "ಡಾಕ್ಟರು ನಡೀಬೇಕು ಅಂದಿದ್ದಾರೆ" ಅನ್ನುತ್ತಿದ್ದರು. ಹೀಗೆ ಆರೋಗ್ಯದ ಚಿಂತೆ ಹತ್ತಿದವರ ಕಾರುಗಳೆಲ್ಲ ನಮ್ಮ ಯಜಮಾನರ ತಗಡಿನ ಶೆಡ್ಡಿಗೆ ಬಂದು ನಿಲ್ಲುತ್ತಿದ್ದವು. ಮಾರಿಕೊಟ್ಟರೆ ಯಜಮಾನರಿಗೆ ಕಮಿಷನ್ನು. ನಾನು ಅಲ್ಲಿ ಹಂಗಾಮಿ ಸೇಲ್ಸ್‌ಮನ್. ಅಂದರೆ ಕಾರು ಒರೆಸುವುದು, ತಳ್ಳುವುದು, ಹೊಗಳುವುದು.

ಅದರಲ್ಲಿ ಒಂದು ಕರಿ ಕಾರಿತ್ತು. ಒಂಟಿಕೊಪ್ಪಲಿನ ನಿವೃತ್ತ ಇಂಜಿನಿಯರೊಬ್ಬರದು. ಬೆಲೆ ಮೂರು ಸಾವಿರ. ಪೆಟ್ರೋಲು ಕುಡಿಯುತ್ತಿತ್ತು, ಆಯಿಲ್ಲು ಕುಡಿಯುತ್ತಿತ್ತು, ಬೆಳಗಿನ ಹೊತ್ತು ಹ್ಯಾಂಡಲ್ ತಿರುಗಿಸುವವನ ಪ್ರಾಣವನ್ನೂ ಕುಡಿಯುತ್ತಿತ್ತು. ಎರಡು ವರ್ಷದಿಂದ ನಿಂತಲ್ಲೇ ನಿಂತಿದ್ದ ಅದನ್ನು ನೋಡಿ ನೋಡಿ ಯಜಮಾನರಿಗೆ ಒಂದು ದಿನ ತಲೆ ಕೆಟ್ಟಿತು. "ದಸರಾದೊಳಗೆ ಇದು ಹೋದರೆ ನಿನ್ನ ಕೆಲಸ ಖಾಯಂ. ಇದು ಹೋಗದಿದ್ದರೆ ನೀನು ಹೋಗು" ಅಂದುಬಿಟ್ಟರು.

ಬೇರೆ ಸಮಯವಾಗಿದ್ದರೆ ಸಂತೋಷವಾಗಿ ಹೋಗುತ್ತಿದ್ದೆ. ಆದರೆ ಅದೇ ತಾನೇ ಜಯಲಕ್ಷ್ಮಿಪುರಂನಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಹುಡುಗಿ ಒಂದೇ ಒಂದು ಸಲ ತಲೆ ಎತ್ತಿ ನೋಡಿದಳು, ಅಷ್ಟೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಅವಳ ಸೋದರಮಾವ ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು: "ಹುಡುಗನ ಕೆಲಸ ಖಾಯಂ ಆಗಲಿ, ಆಮೇಲೆ ನಿಶ್ಚಿತಾರ್ಥ. ಹಂಗಾಮಿಗೆ ಹೆಣ್ಣು ಕೊಡೋಕಾಗುತ್ಯೇ?"

ಹೀಗೆ ನನ್ನ ಮದುವೆ ಹೋಗಿ ಆ ಕರಿ ಕಾರಿನ ಡಿಕ್ಕಿಯಲ್ಲಿ ಕೂತಿತು.

ಬೆಟ್ಟದ ಟ್ರಯಲ್ಲು

ಚಾಮುಂಡಿ ಬೆಟ್ಟ ಹತ್ತದ ಕಾರನ್ನು ಮೈಸೂರಿನಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಕೊಳ್ಳುವವರೆಲ್ಲ ಮೊದಲು ಕೇಳುತ್ತಿದ್ದದ್ದೇ "ಬೆಟ್ಟಕ್ಕೆ ಒಂದು ಟ್ರಯಲ್ ಹೋಗಿಬರೋಣವೇ?" ಅಂತ. ಒಬ್ಬರು ನಿವೃತ್ತ ಹೆಡ್‌ಮಾಸ್ಟರು ಹಾಗೇ ಕೇಳಿದರು. ಸರಿ, ಯಾವತ್ತು ಬರಲಿ ಅಂದರೆ ಕ್ಯಾಲೆಂಡರ್ ನೋಡಿ "ಶುಕ್ರವಾರ ಬೆಳಿಗ್ಗೆ" ಅಂದರು. ಆಷಾಢದ ಶುಕ್ರವಾರ ಅನ್ನುವುದು ನನ್ನ ಮಂಕು ಬುದ್ಧಿಗೆ ಹೊಳೆಯಲಿಲ್ಲ.

ಅವರ ಮನೆ ಮುಂದೆ ಹೋಗಿ ಹಾರ್ನ್ ಮಾಡಿದೆ. ಹೆಡ್‌ಮಾಸ್ಟರು ಬಂದರು. ಅವರ ಹೆಂಡತಿ ಬಂದರು. ಆಮೇಲೆ ಅಜ್ಜಿ, ಇಬ್ಬರು ಸೊಸೆಯರು, ಆರು ಮಕ್ಕಳು, ಒಂದು ಬುಟ್ಟಿ ಹಣ್ಣುಕಾಯಿ, ಒಂದು ಡಬರಿ ಪುಳಿಯೋಗರೆ. "ಇಷ್ಟು ಜನಾನಾ ಸಾರ್?" ಅಂದೆ. "ಲೋಡ್ ಹಾಕಿ ನೋಡಬೇಕಲ್ಲಪ್ಪ, ಮೂರು ಸಾವಿರದ ಮಾತು" ಅಂದರು.

ಕಾರು ಅರ್ಧ ಬೆಟ್ಟದಲ್ಲಿ ಒಂದು ಸಲ ಕುದಿಯಿತು, ಮುಕ್ಕಾಲು ಬೆಟ್ಟದಲ್ಲಿ ಇನ್ನೊಂದು ಸಲ. ಹೇಗೋ ಹತ್ತಿತು. ಅವರು ಎರಡು ಗಂಟೆ ದರ್ಶನ ಮಾಡಿದರು. ನಾನು ಹನ್ನೊಂದು ಜೊತೆ ಚಪ್ಪಲಿ ಕಾದೆ. ವಾಪಸ್ ಮನೆಗೆ ತಂದು ಇಳಿಸಿ, ಕೈಕಟ್ಟಿ ನಿಂತು, "ಹೇಗೆ ಸಾರ್, ಮುಗಿಸೋಣವೇ?" ಅಂತ ಕೇಳಿದೆ.

ಹೆಡ್‌ಮಾಸ್ಟರು ಗಂಭೀರವಾಗಿ ತಲೆಯಾಡಿಸಿದರು. "ಬೆಟ್ಟ ಹತ್ತುತ್ತೆ, ಅದನ್ನ ಒಪ್ಪಿದೆ. ಆದರೆ ಸಪಾಟು ರಸ್ತೇಲಿ ಹೇಗೋ ಏನೋ. ಬರೋ ಸೋಮವಾರ ನಂಜನಗೂಡಿಗೆ ಒಂದು ಟ್ರಯಲ್ ನೋಡಿಬಿಡೋಣ."

ಸುಳಿ

ಹೂಟಗಳ್ಳಿ ಕಡೆಯಿಂದ ಒಬ್ಬರು ಗೌಡರು ಬಂದರು. ಜಮೀನು ಚೆನ್ನಾಗಿತ್ತು, ಕಾರಿನ ಆಸೆಯೂ ಚೆನ್ನಾಗಿತ್ತು. ಆದರೆ ಕಾರು ನೋಡಲು ಜೊತೆಗೆ ಮೆಕ್ಯಾನಿಕ್ಕನ್ನು ಕರೆತರುವ ಬದಲು ದನದ ದಳ್ಳಾಳಿಯನ್ನು ಕರೆತಂದಿದ್ದರು. "ನಮ್ಮನೇಲಿ ಒಂದು ಕರ ತರೂಕೂ ಇವ್ನೇ ಬೇಕು ಕಣ್ ಸ್ವಾಮಿ, ಕಾರು ತರೂಕೆ ಬ್ಯಾಡ್ವಾ?" ಅಂದರು. ನ್ಯಾಯವಾದ ಮಾತೇ.

ದಳ್ಳಾಳಿ ಕಾರಿನ ಸುತ್ತ ಮೂರು ಸುತ್ತು ಬಂದ. ಬಾನೆಟ್ ಎತ್ತಿಸಿ ಬಾಯೊಳಗೆ ನೋಡಿದ. ಹಿಂದುಗಡೆ ಹೋಗಿ ಬೆನ್ನು ತಟ್ಟಿದ. ನಾಲ್ಕು ಚಕ್ರಕ್ಕೂ ಒಂದೊಂದು ಒದೆ ಕೊಟ್ಟು, ಅದು ತಿರುಗಿ ಒದೆಯಲಿಲ್ಲ ಅನ್ನುವ ಸಮಾಧಾನದಲ್ಲಿ "ಸಾಧು ಐತೆ" ಅಂದ. ನನಗೆ ಜೀವ ಬಂತು. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು, ಯಜಮಾನರ ಕೈ ಮೇಲೆ ಹೊದಿಸಿ, ಒಳಗಿಂದೊಳಗೆ ನಾಲ್ಕು ಬೆರಳು ಹಿಡಿದ. ದನದ ಜಾತ್ರೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲವಲ್ಲ, ಹಾಗೆ. ನಮ್ಮ ಯಜಮಾನರು ಹಳ್ಳಿ ಬಿಟ್ಟು ಬಂದವರಾದರೂ ಈ ವಿದ್ಯೆ ಮರೆತಿರಲಿಲ್ಲ. ಮುಖ ಕೆಂಪಾಗಿ ಕೈ ಕಿತ್ತುಕೊಂಡರು.

"ನಾನ್ನೂರಾ! ಏನಯ್ಯ, ಇದನ್ನ ಕಡಸು ಅಂದ್ಕೊಂಡ್ಯಾ?"

"ಕೂಗ್ಬ್ಯಾಡಿ ಬುದ್ಧಿ, ಟವಲ್ ಒಳಗಿನ ಮಾತು ಆಚೆ ಬರಬಾರ್ದು" ಅಂತ ದಳ್ಳಾಳಿ ಅವರಿಗೇ ಶಿಷ್ಟಾಚಾರ ಹೇಳಿಕೊಟ್ಟ. ಆಮೇಲೆ ಬಾನೆಟ್ಟಿನ ಮೇಲೆ ದುಂಡಗೆ ಬಿದ್ದಿದ್ದ ಒಂದು ನಗ್ಗು ತೋರಿಸಿದ. "ಇದು ನೋಡಿ, ಸುಳಿ. ಅದೂ ಹಣೇ ಮೇಲೆ. ಒಡೆಯನ್ನೇ ತಿನ್ನೋ ಸುಳಿ ಕಣ್ ಬುದ್ಧಿ. ಇದಕ್ಕೆ ನಾನ್ನೂರೇ ಜಾಸ್ತಿ ಆಯ್ತು. ಇದುವರ್ಗೂ ಎಷ್ಟು ಜನ ಒಡೇರು ಆಗವ್ರೆ?"

"ನಾಲ್ಕು ಜನ" ಅಂದೆ ನಾನು.

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. ನನಗೆ ರೇಗಿಹೋಯಿತು. "ರೀ ಗೌಡ್ರೇ, ನಾಲ್ಕು ಜನಾನೂ ಗುಂಡುಕಲ್ಲಿನ ಹಾಗೆ ಬದುಕಿದ್ದಾರೆ ಕಣ್ರೀ!" ಎಂದು ಕೂಗಿದೆ.

ದಳ್ಳಾಳಿ ತಣ್ಣಗೆ ನನ್ನ ಮುಖ ನೋಡಿದ. "ಬದುಕವ್ರಾ? ಅಂಗಾರೆ ಯಾಕ್ ಮಾರುದ್ರು?"



ಮರ್ಯಾದಸ್ಥರು

ದಸರಾಕ್ಕೆ ಮೂರು ವಾರ ಉಳಿದಿತ್ತು. ಒಬ್ಬರು ನಿವೃತ್ತ ಪ್ರೊಫೆಸರು ಕಾರನ್ನು ಮೆಚ್ಚಿ, "ಮಾಲೀಕರನ್ನೇ ಕಂಡು ಮಾತಾಡಿಬಿಡ್ತೀನಿ, ಅದು ಮರ್ಯಾದೆ" ಅಂದರು. ಒಂಟಿಕೊಪ್ಪಲಿಗೆ, ಇಂಜಿನಿಯರ ಮನೆಗೆ ಕರೆದುಕೊಂಡು ಹೋದೆ. ಇಬ್ಬರೂ ಜರಿ ಅಂಚಿನ ಪಂಚೆ, ಇಬ್ಬರೂ ಬೆಳ್ಳಿ ಲೋಟದಲ್ಲಿ ಕಾಫಿ. ಗೆದ್ದೆ ಅಂದುಕೊಂಡೆ.

"ಮೂರು ಸಾವಿರ ಅಂದಿದ್ದೀರಂತೆ. ಇಂಥ ಕಾರಿಗೆ ಅದು ತೀರಾ ಕಮ್ಮಿ. ನನಗೆ ಸಂಕೋಚವಾಗುತ್ತೆ. ಮೂರೂವರೆ ತಗೊಳ್ಳಿ" ಅಂದರು ಪ್ರೊಫೆಸರು.

"ಛೆ ಛೆ, ಬ್ಯಾಟರಿ ಹಳೇದು. ನಿಮ್ಮಂಥವರ ಹತ್ತಿರ ಮೂರು ತಗೊಂಡರೆ ನನಗೆ ನಿದ್ದೆ ಬರೋಲ್ಲ. ಎರಡೂವರೆ ಸಾಕು" ಅಂದರು ಇಂಜಿನಿಯರು.

"ಎಲ್ಲಾದರೂ ಉಂಟೇ? ನಾಲ್ಕು."

"ಟೈರೂ ಸವೆದಿದೆ ಸ್ವಾಮಿ. ಎರಡು."

ನಾನು ಕಾಫಿ ಲೋಟ ಹಿಡಿದುಕೊಂಡು ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ಕೊಳ್ಳುವವರು ಐದಕ್ಕೆ ಏರಿದರು, ಮಾರುವವರು ಸಾವಿರಕ್ಕೆ ಇಳಿದರು. ಅಷ್ಟು ಹೊತ್ತಿಗೆ ಇಬ್ಬರ ಧ್ವನಿಯೂ ಏರಿತ್ತು. "ಸಾವಿರಕ್ಕೆ ತಗೊಳ್ಳೋಕೆ ನಾನೇನು ನಿಮ್ಮ ಹತ್ತಿರ ಭಿಕ್ಷೆಗೆ ಬಂದಿದೀನೇನ್ರೀ?" ಅಂತ ಪ್ರೊಫೆಸರು. "ಐದು ಇಸ್ಕೊಳ್ಳೋಕೆ ನಾನೇನು ಗತಿಗೆಟ್ಟವನೇನ್ರೀ?" ಅಂತ ಇಂಜಿನಿಯರು.

ಲೆಕ್ಕ ಹಾಕಿದೆ. ಐದಕ್ಕೂ ಒಂದಕ್ಕೂ ಸರಿಯಾಗಿ ನಡುವೆ ಮೂರು. "ಸಾರ್, ಇಬ್ಬರ ಮಾತೂ ಉಳಿಯಲಿ, ಮೂರು ಸಾವಿರಕ್ಕೆ ಮುಗಿಸಿಬಿಡಿ" ಅಂತ ಕೈಮುಗಿದೆ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಬೆಳಗಿನಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ: "ಥೂ, ಚೌಕಾಸಿ ಮಾಡೋ ಬಜಾರಿನವರನ್ನೆಲ್ಲ ಮನೆಯೊಳಗೆ ಬಿಟ್ಕೊಂಡ್ರೆ ಹೀಗೇ ಆಗೋದು!"

ಉಪಚಾರ

ದಸರಾಕ್ಕೆ ಮೂರೇ ದಿನ. ಯಜಮಾನರು ನನ್ನ ಸ್ಟೂಲಿನ ಮೇಲೆ ಹಳೇ ಟೈರು ಇಡಿಸಿ, ನನಗೆ ಜಾಗ ಇಲ್ಲ ಅನ್ನುವುದನ್ನು ನಾಜೂಕಾಗಿ ತಿಳಿಸಿದ್ದರು. ಅಂಥ ಹೊತ್ತಿನಲ್ಲಿ ಕ್ಲೋಸ್ ಕಾಲರ್ ಕೋಟು ಹಾಕಿ, ಕೊಡೆ ಹಿಡಿದ ಒಬ್ಬರು ಹಿರಿಯರು ಬಂದರು. ಸೀದಾ ಕರಿ ಕಾರಿನ ಹತ್ತಿರ ನಿಂತು, "ನ್ಯಾಯವಾಗಿ ಇದರ ಬೆಲೆ ಎಷ್ಟಪ್ಪ?" ಅಂದರು.

ನನ್ನ ಕಣ್ಣ ಮುಂದೆ ಉಪ್ಪಿಟ್ಟಿನ ತಟ್ಟೆ ಬಂತು. ಬಾಯಿಗೆ ಸರಸ್ವತಿ ಬಂದಳು.

"ನ್ಯಾಯವಾಗಿ ಐದು ಸಾವಿರ ಬಾಳೋ ಮಾಲು ಸಾರ್. ನಾವು ಕೇಳ್ತಿರೋದು ಬರೀ ಮೂರು."

"ಆಯಿಲ್ ಕುಡಿಯುತ್ತೇನೋ?"

"ಆಯಿಲ್ಲಾ? ಏಕಾದಶಿ ಮಾಡೋ ಗಾಡಿ ಸಾರ್ ಇದು."

"ಎರಡೂವರೆಗೆ ಕೊಡ್ತೀಯಾ?"

"ನಾಳೆ ನಮ್ಮ ಮಾವನವರೇ ಬಂದು ಕೇಳಿದರೂ ಒಂದು ರೂಪಾಯಿ ಬಿಡೋಲ್ಲ ಸಾರ್."

ಅವರಿಗೆ ಯಾಕೋ ನಗು ಬಂತು. "ಮದುವೆ ಆಗಿದೆಯೇನಪ್ಪ?" ಅಂದರು. "ಈ ಕಾರು ಹೋದರೆ ಆಗುತ್ತೆ ಸಾರ್" ಅಂದೆ. ಅದೊಂದು ಮಾತ್ರ ಅವತ್ತು ನಾನು ಹೇಳಿದ ನಿಜ.

ಅವರು ಮೂರು ಸಾವಿರ ಎಣಿಸಿದರು. "ಐದು ಬಾಳುತ್ತೆ ಅಂದೆಯಲ್ಲ, ಅದನ್ನ ಒಂದು ಚೀಟೀಲಿ ಬರೆದು ರುಜು ಹಾಕಿಕೊಡು, ಮನೇಲಿ ತೋರಿಸೋಕೆ" ಅಂದರು. ಒಂದೇನು, ಕೇಳಿದ್ದರೆ ಹತ್ತು ಬರೆದುಕೊಡುತ್ತಿದ್ದೆ. ಯಜಮಾನರು ಸ್ಟೂಲಿನ ಮೇಲಿಂದ ಟೈರು ಇಳಿಸಿ ನನ್ನನ್ನು ಖಾಯಂ ಮಾಡಿದರು.

ವಿಜಯದಶಮಿ ಕಳೆದ ವಾರಕ್ಕೇ ನಿಶ್ಚಿತಾರ್ಥ. ನಮ್ಮ ತಂದೆ ಮೂರು ಸಾವಿರ ವರದಕ್ಷಿಣೆ ಮಾತಾಡಿದ್ದರು. ಕ್ಷಮಿಸಿ, ಆ ಪದ ನಾವು ಆಡುತ್ತಿರಲಿಲ್ಲ. ನಾವು ಮರ್ಯಾದಸ್ಥರು, 'ವರೋಪಚಾರ' ಅನ್ನುತ್ತಿದ್ದೆವು. ಬೇಡಪ್ಪಾ ಅಂತ ನಾನೂ ಹೇಳಲಿಲ್ಲ, ಯಾಕೆ ಸುಳ್ಳು ಹೇಳಲಿ. ಜಟಕಾ ಇಳಿದು ನೋಡುತ್ತೇನೆ, ಸೋದರಮಾವನ ಮನೆ ಮುಂದೆ ಚೆಂಡುಹೂವಿನ ಹಾರ ಹಾಕಿಕೊಂಡು ಅದೇ ಕರಿ ಕಾರು ನಿಂತಿದೆ! ಒಳಗೆ ಜಮಖಾನದ ಮಧ್ಯೆ ಅದೇ ಕ್ಲೋಸ್ ಕಾಲರ್ ಕೋಟು. "ಇವರೇ ಹುಡುಗಿ ತಂದೆ. ಶಿವಮೊಗ್ಗದಲ್ಲಿ ಕೆಲಸ, ಹೆಣ್ಣು ತೋರಿಸೋ ದಿನ ರಜಾ ಸಿಕ್ಕಿರಲಿಲ್ಲ" ಅಂತ ಸೋದರಮಾವ ಪರಿಚಯ ಮಾಡಿಸಿದರು.

ನಮ್ಮ ತಂದೆ ಗಂಟಲು ಸರಿಮಾಡಿಕೊಂಡು, "ಆ ಉಪಚಾರದ ವಿಷಯ..." ಅಂದರು.

"ತಂದಿದ್ದೀನಲ್ಲ, ಆಚೆ ನಿಂತಿದೆ" ಅಂದರು ಕೋಟಿನ ಮಾವನವರು. ಜೇಬಿನಿಂದ ಚೀಟಿ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿದರು. "ನೀವು ಕೇಳಿದ್ದು ಮೂರು ಸಾವಿರ. ನಾನು ಕೊಡ್ತಿರೋದು ಐದು ಸಾವಿರದ ಮಾಲು, ನಿಮ್ಮ ಮಗನದೇ ರುಜು ಇದೆ. ಮಿಕ್ಕಿದ ಎರಡು ಸಾವಿರ ನೀವು ಯಾವಾಗ ವಾಪಸ್ ಕೊಡ್ತೀರಿ?"

ನಮ್ಮ ತಂದೆ ಕಣ್ಣು ಕೆಕ್ಕರಿಸಿ ನನ್ನ ಕಡೆ ತಿರುಗಿದರು. "ಲೋ, ನಿಜ ಹೇಳೋ. ಆ ದರಿದ್ರ ಕಾರು ಐದು ಸಾವಿರ ಬಾಳುತ್ತೇನೋ?"

ಇಲ್ಲ ಅಂದರೆ ಮಾವನಿಗೇ ಟೋಪಿ ಹಾಕಿದವನಿಗೆ ಹೆಣ್ಣಿಲ್ಲ. ಹೌದು ಅಂದರೆ ಎರಡು ಸಾವಿರ ದಂಡ. ತಲೆ ಎತ್ತಿದರೆ ಅಡುಗೆಮನೆ ಬಾಗಿಲ ಸಂದಿಯಲ್ಲಿ ಹುಡುಗಿ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ. ಅವಳು ನಕ್ಕಿದ್ದು ನೋಡಿ ನನಗೆ ಎಲ್ಲಿಲ್ಲದ ಹುರುಪು ಬಂದುಬಿಟ್ಟಿತು.

"ಐದು ಎಲ್ಲಿ ಬಂತಪ್ಪ, ಆರು ಬಾಳುತ್ತೆ!" ಅಂದೆ.

ಮಾವನವರು ನಿಧಾನವಾಗಿ ಪೆನ್ನು ತೆಗೆದು, "ಹಾಗಾದರೆ ಬಾಕಿ ಮೂರು" ಅಂತ ಚೀಟಿಯಲ್ಲಿ ತಿದ್ದಿಕೊಂಡರು.