ಫಿಲ್ಮಿನ ಸ್ನಾನ

ಭಾನುವಾರ ಬಂತೆಂದರೆ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಮಧ್ಯಾಹ್ನದವರೆಗೆ ಯಾರಿಗೂ ಸ್ನಾನವಿಲ್ಲ. ಮೈಗಳ್ಳರ ಮನೆ ಎಂದುಕೊಂಡಿರಾ? ಛೆ! ಇದ್ದ ಬಿಸಿನೀರೆಲ್ಲ ಕ್ಯಾಮೆರಾದ ಫಿಲ್ಮಿಗೆ ಮೀಸಲು!

ತೊಂಬತ್ತರ ದಶಕದ ಮಾತು. ಆಗಿನ್ನೂ ಹುಡುಗಿ ನಾನು, ಪೀಣ್ಯದಲ್ಲಿ ಕೆಲಸ ಸಿಕ್ಕಿ, ಅಲ್ಲೇ ಹತ್ತಿರವಿದ್ದ ಚಿಕ್ಕಪ್ಪನ ಮನೆ ಸೇರಿಕೊಂಡಿದ್ದೆ. ಅವರು ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್. ಇಂಥವರು ತಮ್ಮ ಬಣ್ಣದ ಸ್ಲೈಡುಗಳನ್ನು, ಅಂದರೆ ಬೆಳಕಿಗೆ ಹಿಡಿದು ನೋಡುವ ಆ ಪುಟ್ಟ ಚಿತ್ರಗಳನ್ನು, ಪರರ ಕೈಗೆ ಕೊಡುತ್ತಾರೆಯೇ? ಬಚ್ಚಲಲ್ಲಿ ತಾವೇ ತೊಳೆಯುತ್ತಿದ್ದರು.

ಫಿಲ್ಮನ್ನು ತೊಳೆಯುವ ಡಬ್ಬಿಯೊಳಗೆ ಸುತ್ತುವಾಗ ಚೂರೂ ಬೆಳಕು ತಾಗಬಾರದು. ಅದಕ್ಕೆ ಏಪ್ರಿಲ್ ಬಿಸಿಲಲ್ಲೂ ಎರಡು ರಜಾಯಿ ಹೊದ್ದು, ಮಂಚದ ಮೇಲೆ ಕೂತು, ಒಳಗೇ ಕೈಯಾಡಿಸುವರು. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಆಂಟಿ, ಅಲುಗಾಡುವ ಆ ಗುಡ್ಡ ಕಂಡು ಬೆಚ್ಚಿದರು.

“ಅಯ್ಯೋ, ಯಜಮಾನ್ರಿಗೆ ಮಲೇರಿಯಾನೇನ್ರೀ?”

“ಮಲೇರಿಯಾ ಆಗಿದ್ರೆ ಮಾತ್ರೆ ಸಿಕ್ತಿತ್ತು ಕಣ್ರೀ,” ಎಂದರು ಚಿಕ್ಕಮ್ಮ.

ಫಿಲ್ಮ್ ತೊಳೆಯುವ ದ್ರಾವಣ ಜ್ವರ ಬಂದ ಮೈಯಷ್ಟೇ ಬೆಚ್ಚಗಿರಬೇಕಂತೆ. ಚಿಕ್ಕಪ್ಪ ದ್ರಾವಣದ ಬಾಟಲಿಗಳನ್ನು ಮುಳುಗಿಸಿಟ್ಟ ಬಕೆಟ್ಟಿನ ಬಿಸಿನೀರಿಗೆ ಜ್ವರದ ಥರ್ಮಾಮೀಟರ್ ಅದ್ದಿ, ಒಂದು ಕಣ್ಣು ಮುಚ್ಚಿ ನೋಡಿ, “ಕರೆಕ್ಟಾಗಿದೆ!” ಎಂದು ಘೋಷಿಸುತ್ತಿದ್ದರು. ಆದರೆ ಬರುತ್ತಿದ್ದ ಸ್ಲೈಡುಗಳೋ ಕತ್ತಲು ಕತ್ತಲು! ಹೆಸರುಘಟ್ಟದ ಕೆರೆಗೆ ಹೋಗಿದ್ದವರು ನಾವು. ಸ್ಲೈಡಿನಲ್ಲಿ ಸಾಲಾಗಿ ನಿಂತಿದ್ದದ್ದು ಬದನೆಕಾಯಿಗಳು!

ಆರು ತಿಂಗಳು ಇದೇ ಕಥೆ. ಫಿಲ್ಮನ್ನು ಬೈದಾಯಿತು, ದ್ರಾವಣದ ಪುಡಿಯನ್ನು ಬೈದಾಯಿತು, ಬೋರ್‌ವೆಲ್ಲನ್ನೂ ಬಿಡಲಿಲ್ಲ. ಒಂದು ಭಾನುವಾರ, ತಲೆಗೆ ಎಣ್ಣೆ ಹಚ್ಚಿಕೊಂಡು ಕಾದು ಕಾದು ಬೇಸತ್ತ ಚಿಕ್ಕಮ್ಮ ಬಚ್ಚಲಿಗೇ ನುಗ್ಗಿ ಬಕೆಟ್ಟಿಗೆ ಕೈ ಹಾಕಿದರು.

“ಏನ್ರೀ, ನೀರು ತಣ್ಣಗಾಗಿದೆ!”

“ನೂರರ ಮೇಲಿದೆ, ನೋಡಿಲ್ಲಿ. ಥರ್ಮಾಮೀಟರ್ ಸುಳ್ಳು ಹೇಳುತ್ತಾ?”

“ಜಾಡಿಸಿದ್ರಾ?”

ಚಿಕ್ಕಪ್ಪ ಥರ್ಮಾಮೀಟರನ್ನು ಮತ್ತೊಮ್ಮೆ ಕಣ್ಣಿಗೆ ಹಿಡಿದರು. ಜ್ವರದ ಥರ್ಮಾಮೀಟರಿನಲ್ಲಿ ಒಮ್ಮೆ ಏರಿದ ಪಾದರಸ ಜಾಡಿಸದೆ ಇಳಿಯುತ್ತದೆಯೇ? ಬಕೆಟ್ಟು ಎಂದೋ ತಣ್ಣಗಾಗಿದ್ದರೂ ಇನ್‌ಸ್ಪೆಕ್ಟರ್ ಸಾಹೇಬರ ಪ್ರಕಾರ ಆರು ತಿಂಗಳಿಂದ ಅದಕ್ಕೆ ಜ್ವರ ಬಿಟ್ಟಿರಲೇ ಇಲ್ಲ!

ಚಿಕ್ಕಮ್ಮ ಬಿಸಿನೀರು ಬೆರೆಸಿದರು. ಕೂಸಿಗೆ ಹದ ನೋಡುವಂತೆ ಮೊಣಕೈ ಅದ್ದಿ, “ಹ್ಞೂಂ, ಈಗ ಮಾಡಿ,” ಎಂದರು.

ಮಧ್ಯಾಹ್ನ ಒಣಗಿದ ಫಿಲ್ಮನ್ನು ಚಿಕ್ಕಪ್ಪ ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ತಾರಸಿಯ ಮೇಲೆ ಚಿಕ್ಕಮ್ಮ ಮೆಣಸಿನಕಾಯಿ ಒಣಹಾಕುತ್ತಿದ್ದ ಚಿತ್ರ. ಮೆಣಸಿನಕಾಯಿ ಕೆಂಪಗೆ, ಆಕಾಶ ನೀಲಿಯಾಗಿ, ಚಿಕ್ಕಮ್ಮ ತಮ್ಮ ಎಣ್ಣೆಗಪ್ಪು ಬಣ್ಣದಲ್ಲೇ ಮಿರಮಿರ ಮಿಂಚುತ್ತಿದ್ದರು.

“ಸ್ಟುಡಿಯೋದವ್ರು ಪ್ರಿಂಟ್ ಹಾಕುವಾಗ ಇವಳನ್ನ ಬೆಳ್ಳಗೆ ಮಾಡ್ಬಿಡ್ತಾರೆ ಕಣೇ,” ಎಂದರು ಚಿಕ್ಕಪ್ಪ ಮೆಲ್ಲಗೆ. “ಮದುವೆ ಆಲ್ಬಮ್ಮಲ್ಲೂ ಹಂಗೇ ಮಾಡಿದ್ರು. ‘ನಿಮಗೆ ಇಂಥ ಬೆಳ್ಳಗಿರೋಳು ಬೇಕಿತ್ತೇನೋ’ ಅಂತ ಅತ್ತುಬಿಟ್ಲು. ಅದಕ್ಕೇ ಈ ಸ್ಲೈಡು. ಇದ್ದಿದ್ದು ಇದ್ದಂಗೇ ಬರುತ್ತೆ.”

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಫಿಲ್ಮನ್ನು ಇಸಿದುಕೊಂಡರು. ತುಂಬಾ ಹೊತ್ತು ಬೆಳಕಿಗೆ ಹಿಡಿದು ನೋಡಿದರು.

“ನಾನೇ,” ಎಂದರು.