ಬಾದಾಮಿಗೆ ಜೋನಿ ಬೆಲ್ಲ

ಕುದುರೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಡಾರ್ಮಿಟರಿಯ ಕಿಟಕಿಯಿಂದ ಮಿಲಿಟರಿ ಕುದುರೆಗಳು ಹೋಗುವುದು ಕಾಣುತ್ತಿತ್ತು. ದೂರದಿಂದಲೇ ಇರಬಹುದು, ಏಳು ವರ್ಷ ಕಂಡಿದ್ದೇನೆ! ಅಲ್ಲದೆ 'ದಿ ಹಾರ್ಸ್' ಎಂಬ ಎಸ್ಸೆಗೆ ಮದರ್ ಸುಪೀರಿಯರ್ ಕೈಯಿಂದ ಒಂದು ಹೋಲಿ ಪಿಕ್ಚರ್ ಬಹುಮಾನವಾಗಿ ಪಡೆದಿದ್ದೇನೆ. ಇಷ್ಟು ಕ್ವಾಲಿಫಿಕೇಶನ್ ನಮ್ಮ ಮಂಕಿ ಊರಿನಲ್ಲಿ ಬೇರೆ ಯಾರಿಗಿದೆ?

ಆದ್ದರಿಂದ ನೆರೆಮನೆಯ ಹಸನ್ ಸಾಹೇಬರು ಹೃದಯದ ಆಪರೇಶನ್ನಿಗೆ ಮಂಗಳೂರಿಗೆ ಹೊರಟಾಗ, ಬಾದಾಮಿಯನ್ನು ನಮ್ಮ ತೆಂಗಿನ ಹಿತ್ತಿಲಲ್ಲಿ ಕಟ್ಟಿ ಹೋಗಿ ಎಂದು ನಾನೇ ಹೇಳಿದೆ. ಬಾದಾಮಿ ಅವರ ಹೆಣ್ಣು ಕುದುರೆ. ಹನ್ನೊಂದು ವರ್ಷ ಬೀಚಿನಲ್ಲಿ ಪ್ರವಾಸಿಗರ ಮಕ್ಕಳನ್ನು ಹೊತ್ತು ಸಾಹೇಬರನ್ನು ಸಾಕಿದವಳು. ಹೆಂಡತಿ ತೀರಿಹೋದ ಮೇಲೆ ಸಾಹೇಬರು ದಿನಕ್ಕೆ ಆಡುವುದೇ ನಾಲ್ಕು ಮಾತು. ಅದರಲ್ಲಿ ಮೂರು ಇವಳ ಜೊತೆ.

"ಒಣಹುಲ್ಲು, ನೀರು, ದಿನಕ್ಕೆ ಒಂದು ಮುಷ್ಟಿ ಹುರುಳಿ. ಮತ್ತೆಂತದೂ ಕೊಡೂದು ಬ್ಯಾಡ ಅಕ್ಕೋರೆ," ಎಂದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ತಪ್ಪಿಗೆ ನಾನು ಊರಿಗೆಲ್ಲ ಅಕ್ಕೋರು. "ಅದ್ರ ಮೋರೆ ಮಾತ್ರ ನೋಡಬ್ಯಾಡಿ. ಹೊಟ್ಟೆ ತುಂಬಿದ್ರೂ ಉಪಾಸ ಬಿದ್ದವರ ಹಾಂಗೆ ನೋಡ್ತದೆ."

"ಡೋಂಟ್ ವರಿ!" ಎಂದೆ.

ಸಾಹೇಬರ ರಿಕ್ಷಾ ತಿರುವು ದಾಟುವುದರೊಳಗೆ ನಾನು ಅದರ ಮೋರೆ ನೋಡಿದೆ!

ಏನು ಮಾಡಲಿ? ನಮಗೆ ಹೆಣ್ಣುಮಕ್ಕಳಿಲ್ಲ. ದುಡಿದು ಸೊರಗಿದ ಹೆಣ್ಣೊಂದು ನಾಲ್ಕು ದಿನ ಇರಲು ಬಂದಿದೆ. ತವರುಮನೆ ಎನಿಸಿಕೊಳ್ಳುವ ಚಾನ್ಸ್ ನನಗೆ ಸಿಕ್ಕಿದ್ದು ಎಪ್ಪತ್ತಮೂರನೇ ವಯಸ್ಸಿನಲ್ಲಿ. ಬಿಡುತ್ತೇನೆಯೇ? ಬೆಳಿಗ್ಗೆ ಒಂದು ಬೋಗುಣಿ ಬೇಯಿಸಿದ ಹುರುಳಿ. ಮಧ್ಯಾಹ್ನ ಬಾಳೆಹಣ್ಣು. ಸಂಜೆ ಹಲಸಿನ ತೊಳೆ. ಬದಿಮನೆಯ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ, ಆ ತುಪ್ಪ-ಸಕ್ಕರೆಯ ಸಜ್ಜಿಗೆಯನ್ನೂ ಕೊಟ್ಟೆ. ಪ್ರಸಾದ ಬೇಡವೆನ್ನಬಾರದು ನೋಡಿ!

ನಮ್ಮವರು ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ಬರೆದ ವಿಳಾಸವನ್ನು ಮೀರಿ ಒಂದು ಹೆಜ್ಜೆ ಇಟ್ಟವರಲ್ಲ. ಜಗಲಿಯಿಂದಲೇ ಹೇಳಿದರು:

"ಒಂದು ಮುಷ್ಟಿ ಹೇಳಿದ್ದ ಅಂವ. ಕುದ್ರೆ ನೆಂಟ್ರಲ್ಲ ಮಾರಾಯ್ತಿ."

"ಯು ಡೋಂಟ್ ನೋ ಹಾರ್ಸಸ್," ಎಂದೆ.

ಒಂಬತ್ತನೇ ದಿನ ಬಾದಾಮಿ ನಡೆಯಲಿಲ್ಲ. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕೆಂಡದ ಮೇಲೆ ನಿಂತವಳ ಹಾಗೆ ನಿಂತಿದ್ದಳು. ಗೊರಸು ಮುಟ್ಟಿದೆ. ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ.

ಹೊನ್ನಾವರದಿಂದ ಪಶುವೈದ್ಯೆ ಸ್ಕೂಟರಿನಲ್ಲಿ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು. ಗೊರಸನ್ನು ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೋವು ಕಾಲಲ್ಲಿ, ರೋಗ ಬಂದದ್ದು ಹೊಟ್ಟೆಯಿಂದ ಅಮ್ಮ. ಕಾಳು, ಸಿಹಿ ಅತಿಯಾದ್ರೆ ಕುದುರೆಗೆ ಗೊರಸಿನ ಒಳಗೆ ಬಾವು ಬರ್ತದೆ. ಹೆಚ್ಚಾದ್ರೆ ಒಳಗಿನ ಎಲುಬೇ ಜಾರ್ತದೆ. ಆಮೇಲೆ ನಾನೂ ಏನೂ ಮಾಡ್ಲಿಕ್ಕಾಗೋದಿಲ್ಲ."

ನೀರಲ್ಲಿ ನೆನೆಸಿ ಹಿಂಡಿದ ಒಣಹುಲ್ಲು ಮಾತ್ರ. ಹಣ್ಣಿಲ್ಲ, ಕಾಳಿಲ್ಲ, ಹಸಿಹುಲ್ಲೂ ಇಲ್ಲ. ಕಾಲಡಿಗೆ ಮೆತ್ತನೆಯ ಮರಳು, ಗೊರಸಿಗೆ ತಣ್ಣೀರು, ಬೆಳಿಗ್ಗೆ ಸಂಜೆ ಒಂದು ಪುಡಿ. ಎಲ್ಲ ಬರೆದುಕೊಟ್ಟಳು.

ಆಕೆ ಹೋದ ಮೇಲೆ ಸಲಹೆಯನ್ನು ತೂಗಿ ನೋಡಿದೆ. ಒಂದು ತಟ್ಟೆಯಲ್ಲಿ ಐದು ವರ್ಷ ಇದನ್ನೇ ಓದಿದ ಡಾಕ್ಟರ್. ಇನ್ನೊಂದರಲ್ಲಿ ನನ್ನ ಹೋಲಿ ಪಿಕ್ಚರ್. ತಕ್ಕಡಿ ಸರಿಯಾದ ಕಡೆಗೇ ವಾಲಿತು, ಯಾಕೆಂದರೆ ನಾನು ಹೆದರಿದ್ದೆ. ಸಾಹೇಬರು ಅಲ್ಲಿ ಎದೆ ಸೀಳಿಸಿಕೊಂಡು ಮಲಗಿದ್ದಾರೆ, ಇಲ್ಲಿ ಅವರ ಉಳಿದೊಂದು ಜೀವವನ್ನು ನಾನು ತಿನ್ನಿಸಿ ತಿನ್ನಿಸಿ ಕೆಡವಿದ್ದೇನೆ!

ಅಂದಿನಿಂದ ನಮ್ಮ ಹಿತ್ತಿಲಲ್ಲಿ ಕಾನ್ವೆಂಟ್ ಡಿಸಿಪ್ಲಿನ್. ನಮ್ಮವರು ಬುಟ್ಟಿಬುಟ್ಟಿ ಮರಳು ತಂದು ಸುರಿದರು. ನಾನು ಬಾವಿಯ ನೀರು ಸೇದಿ ಗೊರಸಿಗೆ ಹೊಯ್ದೆ. ತೆಂಗಿನ ಮರಕ್ಕೆ 'ನೋ ಫೀಡಿಂಗ್' ಎಂದು ಇಂಗ್ಲಿಷಿನಲ್ಲಿ ಬೋರ್ಡನ್ನೂ ಕಟ್ಟಿದೆ. ಆ ದಾರಿಯಲ್ಲಿ ಅದನ್ನು ಓದಬೇಕಾದವಳು ನಾನೊಬ್ಬಳೇ.

ಒಂದೇ ತೊಡಕು. ಪುಡಿ ವಿಪರೀತ ಕಹಿ. ಹುಲ್ಲಿಗೆ ಉದುರಿಸಿದರೆ ಬಾದಾಮಿ ಹುಲ್ಲನ್ನೇ ಬಿಟ್ಟಳು. ಬಾಯಿಗೆ ಹಾಕಿದರೆ ನನ್ನ ಸೆರಗಿಗೆ ಉಗಿದಳು. ಕಹಿ ಮದ್ದಿಗೆ ನಮ್ಮ ಕಡೆ ಇರುವ ಉಪಾಯ ಒಂದೇ: ಜೋನಿ ಬೆಲ್ಲ. ಬೇರೆ ಊರಿನ ಬೆಲ್ಲ ಕಲ್ಲಿನಂತಿದ್ದರೆ ನಮ್ಮದು ಜೇನಿನಂತೆ ಹರಿಯುತ್ತದೆ. ಅಜ್ಜಿ ನನಗೆ ಕೊಟ್ಟ ಕಷಾಯಗಳೆಲ್ಲ ಇಳಿದದ್ದು ಅದರಲ್ಲೇ. ಒಂದು ಚಮಚ ಜೋನಿಯಲ್ಲಿ ಕಲಸಿ ಹಿಡಿದೆ. ನನ್ನ ಅಂಗೈಯನ್ನೂ ಬಿಡದೆ ನೆಕ್ಕಿದಳು!

ಇದು ಆಹಾರ ಅಲ್ಲವಷ್ಟೆ? ಮದ್ದಿನ ಅನುಪಾನ. ಏಕಾದಶಿಯ ದಿನ ತಟ್ಟೆ ತುಂಬ ಅವಲಕ್ಕಿ ತಿಂದು ಉಪವಾಸ ಎನ್ನುವ ನಮಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಿಲ್ಲ. ಚಮಚ ಸಾಲದೆ ಸೌಟು ಬಂತು. ಸೌಟಿನಿಂದ ಚೆಲ್ಲುತ್ತದೆಂದು ಲೋಟ ಬಂತು.

ವಾರ ಕಳೆದು ಡಾಕ್ಟರ್ ಮತ್ತೆ ಬಂದಾಗ ಬಾದಾಮಿ ಮಲಗಿದ್ದವಳು ಏಳಲಿಲ್ಲ.

"ಕಾಳು ಕೊಟ್ರಾ?"

"ಒಂದು ಗ್ರೇನ್ ಇಲ್ಲ!"

"ಹಣ್ಣು?"

"ನಾಟ್ ಈವನ್ ಎ ಪೀಲ್!" ಎಂದು ಎದೆಯುಬ್ಬಿಸಿದೆ.

ಜಗಲಿಯಿಂದ ನಮ್ಮವರ ಧ್ವನಿ ಬಂತು. "ಜೋನಿ ಬೆಲ್ಲದ ಸುದ್ದಿ ಹೇಳಿದ್ಯನೆ?"

"ಅದು ಮದ್ದಿಗೆ ಸ್ವಲ್ಪ... ಒಂದು ಸೌಟು..."

"ಸೌಟಲ್ಲ ಡಾಕ್ಟ್ರೇ, ಲೋಟ. ಎರಡು ಹೊತ್ತೂ. ಯಂಗೆ ಶುಗರ್ ಹೇಳಿ ಹದ್ನೆಂಟು ವರ್ಷದಿಂದ ಒಂದು ಚಮಚ ಇಲ್ಲೆ, ಕುದ್ರೆಗೆ ಲೋಟ!"

ಆ ಹುಡುಗಿ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೊರಸಿನ ಅಡಿಯನ್ನು ಬೆರಳಿನಿಂದ ಒತ್ತಿ, "ಎಲುಬು ಜಾರಿದೆ ಅಮ್ಮ. ಇನ್ನು ನೋವಿಲ್ಲದೆ ಕಳಿಸಿಕೊಡೋದೊಂದೇ ದಾರಿ. ಯಜಮಾನರನ್ನ ಕರೆಸಿ," ಎಂದಳು.

ಎದೆಯ ಹೊಲಿಗೆಯ ಮೇಲೆ ತಲೆದಿಂಬು ಒತ್ತಿಕೊಂಡು ಸಾಹೇಬರು ಕಾರಿನಲ್ಲಿ ಬಂದರು. ಮರಳಿನ ಮೇಲೆ ಕುಳಿತು ಬಾದಾಮಿಯ ತಲೆಯನ್ನು ತೊಡೆಗೆಳೆದುಕೊಂಡರು. ನಮ್ಮವರು ಬಿಸಿಲಿಗೆ ಕೊಡೆ ಹಿಡಿದು ನಿಂತರು. ಸಾಹೇಬರು ತಮ್ಮ ಮನೆಮಾತು ನವಾಯತಿಯಲ್ಲಿ ಅವಳ ಕಿವಿಯಲ್ಲಿ ಏನೋ ಹೇಳಿದರು. ನನಗೆ ತಿಳಿಯಲಿಲ್ಲ, ಅದು ನನಗೆ ಹೇಳಿದ್ದೂ ಅಲ್ಲ. ಆಮೇಲೆ ಡಾಕ್ಟರಿಗೆ ತಲೆಯಾಡಿಸಿದರು. ಒಂದು ಸೂಜಿ. ಬಾದಾಮಿ ಕಾಲು ಚಾಚಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಕಾಲು ನೋಯಲಿಲ್ಲ.

"ಐ ಆಮ್ ಸಾರಿ," ಎಂದೆ. ಕನ್ನಡದಲ್ಲಿ ಹೇಳಲು ಹೋಗಿದ್ದರೆ ಮುಗಿಸಲಾಗುತ್ತಿರಲಿಲ್ಲ.

"ಹೋತು ಅಕ್ಕೋರೆ. ಮೋರೆ ನೋಡಬ್ಯಾಡಿ ಹೇಳಿದ್ದೆ," ಎಂದರು ಸಾಹೇಬರು. "ನಂಗೂ ಹನ್ನೊಂದು ವರ್ಷ ನೋಡದೇ ಇರೂಕೆ ಬಾಳ ಕಷ್ಟ ಆಗಿತ್ತು."

ತಿಂಗಳ ಮೇಲೆ ಒಂದು ಸಂಜೆ ಅವರು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಹಾಳೆ.

"ಎಲ್ಲ ಇಂಗ್ಲಿಷಲ್ಲಿ ಉಂಟು. ನಾ ಎಂತ ತಿನ್ನೂಕೆ ಆಗ್ತದೆ, ಎಂತ ಆಗೂದಿಲ್ಲ, ಓದಿ ಹೇಳಿ ಅಕ್ಕೋರೆ."

ಅವರು ನನ್ನನ್ನೇ ಕೇಳಿದರು! ನಾನು ಹಾಳೆಯನ್ನು ನಮ್ಮವರ ಕೈಗೆ ದಾಟಿಸಿ ಚಹಾ ಮಾಡಲು ಒಳಗೆ ಹೋದೆ. ಹೊರಗೆ ನಮ್ಮವರು ತಂತಿ ಓದುವ ಧ್ವನಿಯಲ್ಲಿ ಮೊದಲ ಸಾಲು ಓದಿದರು: "ಸಕ್ಕರೆ ಪೂರ್ತಿ ಬಂದ್."

ಅಷ್ಟರಲ್ಲಿ ಲೋಟಕ್ಕೆ ಮೂರು ಚಮಚ ಬಿದ್ದಾಗಿತ್ತು.

ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಹೋದೆ. ಮರಳು ಇನ್ನೂ ಅಲ್ಲೇ ಇತ್ತು. ಬೋರ್ಡೂ ಇತ್ತು. ಬಾಯಿ ಚಾಚಲು ಯಾರೂ ಇರಲಿಲ್ಲ. ಚಹಾವನ್ನು ತೆಂಗಿನ ಬುಡಕ್ಕೆ ಹೊಯ್ದೆ.

ತೆಂಗಿಗೆ ಸಕ್ಕರೆ ಆಗಿಬರುತ್ತದೋ ಇಲ್ಲವೋ, ಯಾರನ್ನೂ ಕೇಳಿಲ್ಲ!