ಒಂದು ದಿನದ ಮರಿಮಗ

ಎಡವಟ್ಟಿಗೆಲ್ಲ ಮೂಲ ಒಂದು ಜೊತೆ ಕಿವಿ.

ಗಡಿಯಾರ ರಿಪೇರಿಯವನಿಗೆ ವಯಸ್ಸು ಮೂವತ್ತೆಂಟು ದಾಟಿತ್ತು. ನಗರಸಭೆಯ ದಾಖಲೆ ಕೋಣೆಯ ಗುಮಾಸ್ತೆಯ ಹಿಂದೆ ಮೂರು ವರ್ಷ ಸುಳಿದಾಡಿದ ಮೇಲೆ ಕೊನೆಗೂ ಅವಳೇ, "ಅಪ್ಪನ್ನ ಬಂದು ಕೇಳಿ" ಎಂದಿದ್ದಳು. ಅವತ್ತು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೋದ. ಅವಳಪ್ಪ ನಿವೃತ್ತ ಮೋಜಣಿದಾರರು. ಹೊಲ ಅಳೆದ ಕಣ್ಣಿನಲ್ಲೇ ಮನುಷ್ಯರನ್ನೂ ಅಳೆಯುವವರು.

"ಕೆಲಸ ಗೊತ್ತು. ಮನೆತನ ಹೇಳಪ್ಪ."

ಗಾಬರಿಯಲ್ಲಿ ಇವನ ನಾಲಿಗೆ ತಾನೇ ಮುಂದೆ ಓಡಿತು. "ಈ ಊರು ಕಟ್ಟಿದ ಗಂಡ ಹೆಂಡ್ತಿ ಇದಾರಲ್ಲ ಸಾರ್, ನಾನು ಅವರ ಮರಿಮಗ."

ನೂರು ವರ್ಷದ ಹಿಂದೆ ಆ ಗಂಡ ಹೆಂಡತಿ ಒಂದು ಗಾಡಿ, ಎರಡು ಮೇಕೆ ಸಮೇತ ಬರಡು ಬಯಲಿಗೆ ಬಂದಾಗ, "ಇನ್ನೊಂದು ಹೆಜ್ಜೆ ಮುಂದೆ ಇಡಲ್ಲ" ಎಂದು ಹೆಂಡತಿ ಕೂತುಬಿಟ್ಟಳಂತೆ. ಊರು ಹುಟ್ಟಿದ್ದು ಹಾಗೆ. ನಗರಸಭೆಯ ಗೋಡೆಯ ಫೋಟೋದಲ್ಲಿ ಅವಳು ಫೋಟೋಗ್ರಾಫರನನ್ನು ಕಚ್ಚುವವಳಂತೆ ನೋಡುತ್ತಿದ್ದಳು. ಗಂಡನ ಕಿವಿಗಳು ಬಾಗಿಲು ತೆರೆದಿಟ್ಟ ಕಪಾಟಿನ ಹಾಗಿದ್ದವು. ಗಡಿಯಾರದವನ ಕಿವಿಗಳೂ ಹಾಗೇ ಎಂದು ಪಕ್ಕದಂಗಡಿಯ ಕ್ಷೌರಿಕ ದಿನಾ ರೇಗಿಸುತ್ತಿದ್ದ. ಇವನ ಹತ್ತಿರ ಇದ್ದ ಆಧಾರ ಅಷ್ಟೇ.

"ಸಂಜೆಯೊಳಗೆ ದಾಖಲೆ ತೋರಿಸು," ಎಂದರು ಮೋಜಣಿದಾರರು.

ವಿಷಯ ತಿಳಿದದ್ದೇ ಕ್ಷೌರಿಕ ಅಂಗಡಿ ಮುಚ್ಚಿಕೊಂಡು ನಗರಸಭೆಯ ದಾಖಲೆ ಕೋಣೆಗೆ ಇವನ ಹಿಂದೆ ಬಂದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ವಿಧಿಯಿಲ್ಲದೆ ಅವನ ಹಿಂದೆ ಬಂದ.

"ಅಪ್ಪನ ಹತ್ರ ಸುಳ್ಳು ಯಾಕೆ ಹೇಳಿದ್ರಿ?" ಗುಮಾಸ್ತೆ ಕಣ್ಣು ಕೆಂಪಗೆ ಮಾಡಿದಳು.

"ಸುಳ್ಳಲ್ಲ. ಅಂದಾಜು."

ಬೈಯುತ್ತಲೇ ಏಣಿ ತಂದುಕೊಟ್ಟಳು. ಇವನು ಹತ್ತಿ ಮೇಲಿನ ಕಡತದ ಕಟ್ಟೊಂದನ್ನು ಎಳೆದ. ಇಡೀ ಸಾಲು ಗಿರಾಕಿಯ ಮೇಲೆ ಬಿತ್ತು. ಸಾಬೂನಿನ ನೊರೆಗೆ ಧೂಳು ಹತ್ತಿ, ಆತ ಅಗೆದು ತೆಗೆದ ಗೆಣಸಿನಂತೆ ನಿಂತ. ಆದರೆ ಆ ರಾಶಿಯಲ್ಲೇ ಊರು ಕಟ್ಟಿದವಳು ಕೈಯಾರೆ ಬರೆದ ಮನೆಪುಸ್ತಕ ಸಿಕ್ಕಿತು.

ಗುಮಾಸ್ತೆ ಓದಿದಳು: "ದೊಡ್ಡ ಮಗಳು ಕಮ್ಮಾರನನ್ನು ಕಟ್ಟಿಕೊಂಡಳು."

"ಕಮ್ಮಾರ ನಮ್ಮ ತಾತ! ಅವಳು ನಮ್ಮಮ್ಮನ ಅಮ್ಮ!" ಗಡಿಯಾರದವನು ಏಣಿಯಿಂದ ಹಾರಿದ. ಅಂದಾಜು ನಿಜವಾಗಿತ್ತು! ಕ್ಷೌರಿಕ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

ಗುಮಾಸ್ತೆಯ ಬೆರಳು ಮುಂದಿನ ಸಾಲಿನಲ್ಲಿ ನಿಂತಿತ್ತು. "ಚಿಕ್ಕ ಮಗಳು ಸರ್ಕಸ್ಸಿನಲ್ಲಿ ಕೊಂಬು ಊದುವವನ ಜೊತೆ ಓಡಿಹೋದಳು. ಹಾಳಾಗಿ ಹೋಗಲಿ." ಅವಳ ದನಿ ಇಳಿಯಿತು. "ಕೊಂಬು ಊದ್ತಿದ್ದೋರು ನಮ್ಮಮ್ಮನ ಅಪ್ಪ. ಅಜ್ಜಿ ತವರಿನ ಸುದ್ದೀನೇ ಎತ್ತುತ್ತಿರಲಿಲ್ಲ."

ಕ್ಷೌರಿಕ ಬೆರಳು ಮಡಚಿದ. "ಅಜ್ಜಿಯರು ಅಕ್ಕ ತಂಗಿ. ಅಂದ್ಮೇಲೆ ಅಮ್ಮಂದಿರೂ ಅಕ್ಕ ತಂಗಿ. ಅಂದ್ರೆ ನೀವಿಬ್ರೂ... ಅಯ್ಯಯ್ಯೋ, ಅಣ್ಣ ತಂಗಿ ಕಣಯ್ಯಾ!"

ಗಡಿಯಾರದವನ ಮುಖ ಕೀಲಿ ಮುಗಿದ ಗಡಿಯಾರವಾಯಿತು. ಮರುಕ್ಷಣವೇ ಹಿಂದಿನ ಬೀದಿಯ ತೊಂಬತ್ತನಾಲ್ಕರ ಅಜ್ಜಿಯ ಮನೆಗೆ ಓಡಿದ. ಊರ ಹಳೇ ಸಂಗತಿ ಉಳಿದಿದ್ದರೆ ಅವರ ತಲೆಯಲ್ಲೇ ಉಳಿದಿರಬೇಕು.

"ನಿಮ್ಮಜ್ಜೀನಾ?" ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. "ಅವಳನ್ನ ಊರು ಕಟ್ಟಿದೋರು ಹೆತ್ತಿದ್ದಲ್ಲ ಕಣೋ. ಅವರ ಗಾಡಿ ಹೊಡ್ಕೊಂಡು ಒಬ್ಬ ಬಂದನಲ್ಲ, ಅವನ ಕೂಸು. ತಾಯಿ ಇರಲಿಲ್ಲ ಅಂತ ಸಾಕ್ಕೊಂಡ್ರು."

"ಮತ್ತೆ ನನ್ನ ಕಿವಿ?"

"ಗಾಡಿಯವನ ಕಿವಿ ನೀನು ನೋಡಿಲ್ಲ. ಅವನ ಮುಂದೆ ನಿಂದೇನು ಬಿಡು."

ಉಸಿರು ಬಿಡದೆ ವಾಪಸು ಬಂದು ಮನೆಪುಸ್ತಕ ಕಿತ್ತುಕೊಂಡ. ಕೊನೆಯ ಹಾಳೆಯಲ್ಲಿ ಇದ್ದೇ ಇತ್ತು: "ಗಾಡಿಯವನ ಕೂಸು ಇಂದಿನಿಂದ ನನ್ನ ದೊಡ್ಡ ಮಗಳು. ಅಲ್ಲ ಎಂದವರ ಹಲ್ಲು ಉದುರಿಸುತ್ತೇನೆ."

"ಸಾಕುಮಗಳು!" ಇವನು ಕುಣಿದಾಡಿದ. "ಅವರು ನಮಗೆ ಏನೂ ಆಗ್ಬೇಕಾಗಿಲ್ಲ! ಯಾರೋ ಏನೋ!"

ಅಷ್ಟರಲ್ಲಿ ಮೋಜಣಿದಾರರು ಬಂದರು. ಎಲ್ಲರೂ ಒಟ್ಟಿಗೆ ಕೂಗಿ ಹೇಳಿದ ಕತೆಯನ್ನು ಕೇಳಿ, ಪುಸ್ತಕ ನೋಡಿ, ಇವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಮನೆತನ ಇಲ್ಲ. ಆದ್ರೂ ಇಷ್ಟು ಓಡಾಡಿದೀಯ. ಹೋಗ್ಲಿ, ನನ್ನ ಒಪ್ಪಿಗೆ ಇದೆ."

ಕ್ಷೌರಿಕ ಚಪ್ಪಾಳೆ ತಟ್ಟಿದ. ಗೆಣಸಿನಂತಿದ್ದ ಗಿರಾಕಿಯೂ ತಟ್ಟಿದ. ಗುಮಾಸ್ತೆ ಮಾತ್ರ ಆ ಕೊನೆಯ ಹಾಳೆಯನ್ನು ಮತ್ತೊಮ್ಮೆ ಓದಿ ಪುಸ್ತಕ ಮುಚ್ಚಿದಳು.

"ಹಲ್ಲು ಉದುರಿಸ್ತೀನಿ ಅಂತ ಬರೆದು ನಿಮ್ಮಜ್ಜೀನ ಮಗಳು ಮಾಡ್ಕೊಂಡಿದಾಳೆ ಈಯಮ್ಮ. ನೀವು ಒಂದೇ ನಿಮಿಷದಲ್ಲಿ ಯಾರೋ ಏನೋ ಅಂದುಬಿಟ್ರಿ. ನಾನು ಅವಳ ಮರಿಮಗಳು. ಅವಳು ಬರೆದಿದ್ದನ್ನ ನಾನು ತಿದ್ದಲ್ಲ."

"ಅಂದ್ರೆ?" ಎಂದ ಗಡಿಯಾರದವನು.

ಅವಳು ಬೀಗದ ಕೈ ತೆಗೆದುಕೊಂಡಳು.

"ಅಂದ್ರೆ, ಐದೂವರೆ ಆಯ್ತು. ಬಾಗಿಲು ಹಾಕ್ಬೇಕು. ಸ್ವಲ್ಪ ಹೊರಗೆ ನಡೀರಿ, ಅಣ್ಣಾ."